ಹೊತ್ತಾಯ್ತು, ಮನೆಗೆ ಹೋಗುವ

ಶಿವಾಲ, ವಾರಾಣಸಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಅತ್ತೆಯವರು ಈಗ ನಿಮ್ಮನ್ನು ‘ಅಕ್ಕ’ ಎಂದು ಕರೆಯುತ್ತಾರೆ, ಹೆತ್ತ ಮಗನನ್ನು ನೋಡಿ ‘ಇವರು ಯಾರ ಮನೆಯವರು’ ಎನ್ನುತ್ತಾರೆ, ತೀರಿಹೋಗಿ ಎಷ್ಟೋ ವರ್ಷವಾದ ಮಾವನವರಿಗೆ ಊಟ ತೆಗೆದಿಡಿ ಎಂದು ರಾತ್ರಿ ಜ್ಞಾಪಿಸುತ್ತಾರೆ ಎಂದು ಬರೆದಿದ್ದೀರಿ. ಕೊನೆಯಲ್ಲಿ ಕೇಳಿದ್ದೀರಿ: ‘ತಿದ್ದಿದರೆ ಅಳುತ್ತಾರೆ. ಹೂಂಗುಟ್ಟಿದರೆ ಸುಳ್ಳು ಹೇಳಿದಂತೆ ಆಗುತ್ತದೆ. ಹೇಗೆ ಮಾತಾಡಲಿ?’

ನಮ್ಮ ಮನೆಯಲ್ಲಿ ದೊಡ್ಡಮ್ಮ ಇದ್ದಾರೆ. ಶೃಂಗೇರಿ ಕಡೆಯವರು, ಮದುವೆಯಾಗಿ ಕಾಶಿಗೆ ಬಂದವರು, ಇಲ್ಲೇ ಹಣ್ಣಾದವರು. ಅವರ ನೆನಪು ಹಿಂದಕ್ಕೆ ಸರಿಯಲು ಶುರುವಾದಾಗಿನಿಂದ ನಿಮ್ಮದೇ ಪ್ರಶ್ನೆ ನನ್ನ ತಲೆಯಲ್ಲೂ ಇದೆ. ಓದಿದ್ದು, ವೈದ್ಯರು ಹೇಳಿದ್ದು, ದಿನಾ ಕಣ್ಣಿಗೆ ಬಿದ್ದದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನಾವಿಬ್ಬರೇ ಅಲ್ಲ ನೋಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಮಂದಿಗೂ ಹೆಚ್ಚು ಜನರಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ. ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಬಿಟ್ಟುಬಿಡುವ ಲೆಕ್ಕ ಇದಲ್ಲ. ಇದು ಮೆದುಳಿನ ಕಾಯಿಲೆ.

ಮೊದಲು ಒಂದನ್ನು ನಿಲ್ಲಿಸಿ: ಪರೀಕ್ಷೆ ಮಾಡುವುದನ್ನು. ನೀವು ಮಾಡುತ್ತೀರೋ ಇಲ್ಲವೋ, ಮನೆಗೆ ಬಂದ ನೆಂಟರು ಮಾಡೇ ಮಾಡುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಮುಖದ ಹತ್ತಿರ ಮುಖ ತಂದು, ‘ಅತ್ತೇ, ನಾನು ಯಾರು ಹೇಳಿ ನೋಡೋಣ? ಗುರುತು ಸಿಕ್ತಾ?’ ಪ್ರೀತಿಯಿಂದಲೇ ಕೇಳುವುದು. ಆದರೆ ಆ ಹೊತ್ತಿನಲ್ಲಿ ನಿಮ್ಮ ಅತ್ತೆಯವರ ಮುಖ ನೋಡಿ. ಕಣ್ಣು ಒಬ್ಬರಿಂದ ಒಬ್ಬರಿಗೆ ಹರಿದಾಡುತ್ತದೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತದೆ, ಆಮೇಲೆ ಒಂದು ಸಣ್ಣ ನಗು. ಉತ್ತರ ಗೊತ್ತಿಲ್ಲದ ಮಗು ಮೇಷ್ಟ್ರ ಮುಂದೆ ನಗುವ ನಗು ಅದು. ಅವರಿಗೆ ಹೆಸರು ಸಿಗದಿರಬಹುದು, ಆದರೆ ತಾನು ಫೇಲಾದೆ ಎಂಬುದು ಗೊತ್ತಾಗುತ್ತದೆ. ಬಂದವರಿಗೆ ಬಾಗಿಲಲ್ಲೇ ಹೇಳಿಬಿಡಿ: ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ‘ನಾನು ಸಾಗರದ ಗಿರಿಜೆಯ ಮಗಳು ಅತ್ತೆ, ನಿಮ್ಮನ್ನ ನೋಡಿಕೊಂಡು ಹೋಗೋಣ ಅಂತ ಬಂದೆ’ ಎನ್ನುವ ಹಾಗೆ ತಮ್ಮ ಪರಿಚಯ ತಾವೇ ಹೇಳಿಕೊಳ್ಳಲಿ. ಗುರುತಿನ ಭಾರ ಬಂದವರ ಮೇಲಿರಲಿ.

ಪರೀಕ್ಷೆ ವೈದ್ಯರ ಕೆಲಸ, ಅವರಿಗೆ ಅದು ಬೇಕೇ ಬೇಕು. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಕಾಯಿಲೆಗೆ ಯಾರ ಹೆಸರಿದೆಯೋ ಆ ಅಲೋಯಿಸ್ ಆಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಆಗಸ್ಟೆ ಡೇಟರ್ ಎಂಬ ಹೆಂಗಸನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳು ದಾಖಲಾಗಿವೆ. ಕಳೆದುಹೋಗಿದ್ದ ಆ ಕಡತ ಮತ್ತೆ ಸಿಕ್ಕಿದ್ದು 1995ರಲ್ಲಿ. ಆಕೆ ಊಟ ಮಾಡುತ್ತಿರುವಾಗ ವೈದ್ಯರು ‘ಏನು ತಿನ್ನುತ್ತಿದ್ದೀರಿ’ ಎಂದು ಕೇಳುತ್ತಾರೆ. ತಟ್ಟೆಯಲ್ಲಿದ್ದದ್ದು ಹೂಕೋಸು ಮತ್ತು ಮಾಂಸ. ಆಕೆ ಹೇಳಿದ್ದು ಪಾಲಕ್ ಸೊಪ್ಪು ಎಂದು. ವೈದ್ಯರಿಗೆ ಆ ತಪ್ಪು ಉತ್ತರವೇ ಮುಖ್ಯ. ಅದನ್ನು ಬರೆದಿಟ್ಟುಕೊಂಡದ್ದರಿಂದ ಒಂದು ಕಾಯಿಲೆ ಲೋಕಕ್ಕೆ ಗೊತ್ತಾಯಿತು. ಮನೆಯಲ್ಲಿರುವ ನಮಗೆ ಆ ತಪ್ಪಿನಿಂದ ಆಗಬೇಕಾದದ್ದೇನೂ ಇಲ್ಲ.

ನಮ್ಮ ಮನೆಯದೇ ಒಂದು ಉದಾಹರಣೆ. ಚಳಿಗಾಲದಲ್ಲಿ ಬನಾರಸಿನ ಗಲ್ಲಿಗಳ ತುಂಬ ಹಸಿ ಬಟಾಣಿ. ಇಲ್ಲಿಯವರು ಅದನ್ನು ಅವಲಕ್ಕಿಗೆ ಹಾಕಿ, ತುಪ್ಪ ಬಿಟ್ಟು ಚೂಡಾ ಮಟರ್ ಮಾಡುತ್ತಾರೆ. ದೊಡ್ಡಮ್ಮನ ಮುಂದೆ ಮೊರದಲ್ಲಿ ಒಂದಿಷ್ಟು ಬಟಾಣಿ ಇಟ್ಟರೆ ಸಾಕು, ಕೈ ತಾನಾಗಿ ಕೆಲಸ ಹಿಡಿಯುತ್ತದೆ. ಹೆಬ್ಬೆರಳ ಉಗುರು ಸಿಪ್ಪೆಯ ಬೆನ್ನಿಗೆ ಒತ್ತುತ್ತದೆ, ಟಪ್ ಎಂದು ಬಾಯಿ ಬಿಡುತ್ತದೆ, ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಹುಳುಕು ಕಾಳು ಈಗಲೂ ಅವರ ಕಣ್ಣು ತಪ್ಪಿಸುವುದಿಲ್ಲ. ‘ಈ ಸಲದ ಅವರೆಕಾಯಿಗೆ ಸೊಗಡೇ ಇಲ್ಲ ಮಾರಾಯ್ತಿ’ ಎನ್ನುತ್ತಾರೆ. ಅದು ಬಟಾಣಿ ಎಂದು ತಿದ್ದಿ ನಾನು ಏನು ಗೆಲ್ಲಬೇಕಾಗಿದೆ? ‘ಹೌದು, ಮಂಜು ಸಾಲಲಿಲ್ಲ ಅನ್ನಿಸುತ್ತೆ’ ಎಂದರೆ ಮಾತು ಮುಂದಕ್ಕೆ ಹೋಗುತ್ತದೆ. ಅವರ ಅಮ್ಮ ಹಿತಕಿದ ಬೇಳೆ ಮಾಡುತ್ತಿದ್ದದ್ದು, ಒಲೆಯ ಹೊಗೆ, ಜಗಲಿಯಲ್ಲಿ ಕೂತು ಬಿಡಿಸುತ್ತಿದ್ದ ಅಕ್ಕತಂಗಿಯರು ಎಲ್ಲ ಬರುತ್ತದೆ. ಕೈಗೆ ಕೆಲಸವಿದ್ದಾಗ ಅವರ ಮಾತು ಹೆಚ್ಚು ಸಲೀಸು ಎಂಬುದನ್ನೂ ಗಮನಿಸಿದ್ದೇನೆ. ಎದುರು ಬದುರು ಕೂತು ಕೇಳಿದರೆ ಬಾರದ ಮಾತು ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸುವಾಗ ಬರುತ್ತದೆ. ನಿಮ್ಮಲ್ಲಿ ಹೂ ಕಟ್ಟುವುದೋ ಬತ್ತಿ ಹೊಸೆಯುವುದೋ ಏನಾದರೂ ಇದ್ದೇ ಇರುತ್ತದೆ.

ಇನ್ನು ನಿಮ್ಮ ಕಷ್ಟದ ಪ್ರಶ್ನೆಗೆ ಬರುತ್ತೇನೆ, ಸುಳ್ಳಿನದ್ದು. ನಾನು ಇದನ್ನು ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೇ? ನಮ್ಮ ಶಿವಾಲ ಘಾಟಿನಿಂದ ಹೊಳೆಯ ದಂಡೆ ಹಿಡಿದು ನಡೆದರೆ ಹನುಮಾನ್ ಘಾಟ್, ಅದನ್ನು ದಾಟಿದರೆ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್, ಅದರ ಮಗ್ಗುಲಲ್ಲೇ ಹರಿಶ್ಚಂದ್ರ ಘಾಟ್. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಶಾಲೆಯಲ್ಲಿ ಓದಿದ ನಮಗೆ ಆ ಹೆಸರು ಕೇಳಿದರೆ ಸುಳ್ಳಾಡುವ ಧೈರ್ಯ ಹೇಗೆ ಬರಬೇಕು! ಬಹಳ ಸಲ ಆ ಮೆಟ್ಟಿಲ ಮೇಲೆ ಕೂತು ಇದನ್ನೇ ಯೋಚಿಸಿದ್ದೇನೆ. ನನಗೆ ಅನ್ನಿಸುವುದು ಇಷ್ಟು: ಹರಿಶ್ಚಂದ್ರ ಸತ್ಯಕ್ಕಾಗಿ ರಾಜ್ಯ ಬಿಟ್ಟ, ತನ್ನನ್ನೇ ಮಾರಿಕೊಂಡ. ಆದರೆ ಆ ಸತ್ಯದ ಬೆಲೆಯನ್ನು ಹೆಂಡತಿ ಚಂದ್ರಮತಿಯೂ ಮಗ ಲೋಹಿತಾಶ್ವನೂ ತೆತ್ತರು. ನಮ್ಮ ಮನೆಗಳಲ್ಲಿ ‘ಮಾವ ತೀರಿಹೋಗಿದ್ದಾರೆ, ಮರೆತಿರಾ?’ ಎಂಬ ಸತ್ಯ ಹೇಳಿ ನಾವು ಒಳಗೆ ಹೋಗಿ ಪಾತ್ರೆ ತೊಳೆಯುತ್ತೇವೆ. ಬೆಲೆ ತೆರುವುದು ಅವರು. ಅವರ ಮಟ್ಟಿಗೆ ಗಂಡ ಸತ್ತದ್ದು ಈಗ, ಈ ನಿಮಿಷ. ನಾಳೆ ಅತ್ತೆ ಮತ್ತೆ ಕೇಳುತ್ತಾರೆ, ನಾಳೆ ಗಂಡ ಮತ್ತೆ ಸಾಯುತ್ತಾರೆ.

‘ಹೇಗಿದ್ದರೂ ಮರೆತುಬಿಡುತ್ತಾರಲ್ಲ’ ಎಂದು ನಿಮ್ಮ ನಾದಿನಿ ಹೇಳುತ್ತಾರೆಂದು ಬರೆದಿದ್ದೀರಿ. ಅವರಿಗೆ ಇದನ್ನು ಓದಿ ಹೇಳಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಲ್ಜೈಮರ್ ಇರುವವರಿಗೆ ಅಳು ಬರಿಸುವ ಮತ್ತು ನಗು ಬರಿಸುವ ಸಿನಿಮಾ ತುಣುಕುಗಳನ್ನು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಏನು ನೋಡಿದಿರಿ ಎಂದು ಕೇಳಿದರು. ನೋಡಿದ್ದು ಹೆಚ್ಚೇನೂ ನೆನಪಿರಲಿಲ್ಲ. ಆದರೆ ದುಃಖದ ತುಣುಕು ನೋಡಿದ ಮೇಲೆ ಹುಟ್ಟಿದ ದುಃಖ ಹಾಗೇ ಇತ್ತು. ನೋಡಿದ್ದನ್ನು ಹೆಚ್ಚು ಮರೆತವರಲ್ಲೇ ದುಃಖ ಹೆಚ್ಚು ಹೊತ್ತು ಉಳಿದಿತ್ತು. ಯೋಚಿಸಿ. ಕಾರಣ ಗೊತ್ತಿರುವ ದುಃಖಕ್ಕಾದರೂ ಸಮಾಧಾನ ಹೇಳಿಕೊಳ್ಳಬಹುದು. ಕಾರಣವೇ ಅಳಿಸಿಹೋಗಿ ಎದೆಯ ಭಾರ ಮಾತ್ರ ಉಳಿದರೆ ಯಾರನ್ನು ಕೇಳುವುದು? ಬೆಳಿಗ್ಗೆ ಗದರಿದ್ದು ಮಧ್ಯಾಹ್ನ ಮರೆತಿರುತ್ತದೆ, ಆದರೆ ಮಧ್ಯಾಹ್ನ ಅವರು ಊಟ ಬೇಡ ಎಂದು ಮುಖ ತಿರುಗಿಸುತ್ತಾರೆ. ಒಳ್ಳೆಯದಕ್ಕೂ ಇದೇ ಮಾತು. ನೀವು ಬಂದು ಹೋದದ್ದು ಅವರಿಗೆ ನೆನಪಿರಲಿಕ್ಕಿಲ್ಲ, ಬಂದದ್ದರ ಹಿತ ಸ್ವಲ್ಪ ಹೊತ್ತು ಉಳಿಯುತ್ತದೆ.

ಹಾಗೆಂದು ಬಾಯಿಗೆ ಬಂದ ಸುಳ್ಳು ಹೇಳಿ ಎನ್ನುತ್ತಿಲ್ಲ. ‘ನಾಳೆ ಬರ್ತಾರೆ’ ಎಂಬ ಮಾತು ನನಗೆ ಹಿಡಿಸುವುದಿಲ್ಲ. ಅದು ಅವರಿಗಾಗಿ ಹೇಳಿದ್ದಲ್ಲ, ನಮ್ಮ ಪಾಡಿಗೆ ನಮ್ಮನ್ನು ಬಿಡಲಿ ಎಂದು ಹೇಳಿದ್ದು. ಕೆಲವರು ಅದನ್ನೇ ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದ್ದರೆ ಸುಳ್ಳನ್ನು ಹಿಡಿದೂ ಬಿಡುತ್ತಾರೆ, ಆಮೇಲೆ ನಾವು ಕೊಟ್ಟ ಮಾತ್ರೆಯನ್ನೂ ನಂಬುವುದಿಲ್ಲ. ಸತ್ಯವನ್ನು ಮುಖಕ್ಕೆ ಎಸೆಯದೆ, ಸುಳ್ಳನ್ನೂ ಕಟ್ಟದೆ ಹೋಗಬಹುದಾದ ದಾರಿ ಒಂದಿದೆ. ಪ್ರಶ್ನೆಯ ಹಿಂದೆ ಇರುವುದಕ್ಕೆ ಉತ್ತರ ಕೊಡುವುದು. ‘ಅವರಿಗೆ ಊಟ ತೆಗೆದಿಟ್ಟೆಯಾ’ ಎಂದು ಅತ್ತೆ ಕೇಳಿದರೆ, ‘ಮಾವನಿಗೆ ಏನು ಇಷ್ಟ ಅತ್ತೆ? ಹುಳಿಯಾ, ಗೊಜ್ಜಾ?’ ಎಂದು ಕೇಳಿ. ಮಾವನ ಬಗ್ಗೆ ಮಾತಾಡಲು ಬಿಡಿ. ಅತ್ತೆ ಹುಡುಕುತ್ತಿರುವುದು ಆ ಮನುಷ್ಯನನ್ನು. ಮಾತಿನಲ್ಲಾದರೂ ಮಾವ ಸ್ವಲ್ಪ ಹೊತ್ತು ಮನೆಯಲ್ಲಿರಲಿ. ಇನ್ನು, ಎಂದಾದರೂ ಸ್ಪಷ್ಟ ಕಣ್ಣಿನಿಂದ ನಿಮ್ಮ ಕೈ ಹಿಡಿದು ‘ಅವರು ಹೋಗಿಬಿಟ್ಟರಲ್ಲವಾ?’ ಎಂದು ಅವರೇ ಕೇಳಿದರೆ, ಆಗ ತಪ್ಪಿಸಿಕೊಳ್ಳಬೇಡಿ. ‘ಹೌದು ಅತ್ತೆ, ಹೋದರು’ ಎಂದು ಹೇಳಿ ಪಕ್ಕದಲ್ಲೇ ಕೂತಿರಿ. ಆ ಹೊತ್ತಿಗೆ ಸತ್ಯ ಅವರಿಗೆ ಬೇಕಾಗಿದೆ, ಕೇಳುವ ಹಕ್ಕೂ ಅವರದು.

ಸಂಜೆ ಹೊತ್ತು ಎಲ್ಲ ಕಡೆಯೂ ಕಷ್ಟವೇ. ಬೆಳಕು ಇಳಿಯುತ್ತಿದ್ದಂತೆ ದಿಗಿಲು, ಎದ್ದು ಕೂತು ನಡೆದಾಟ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾರೆ: ‘ಹೊತ್ತಾಯ್ತು, ಮನೆಗೆ ಹೋಗುವ.’ ಅವರು ಬಾಳಿದ ಮನೆಯಲ್ಲೇ ನಿಂತು ಹೇಳುವುದು. ‘ಇದೇ ನಿಮ್ಮ ಮನೆ’ ಎಂದರೆ ಸಿಟ್ಟು ಬರುತ್ತದೆ. ಅವರು ಕೇಳುತ್ತಿರುವ ಮನೆ ಶೃಂಗೇರಿಯ ಹತ್ತಿರದ್ದು, ಅಲ್ಲಿ ಅಮ್ಮ ದೀಪ ಹಚ್ಚುವ ಹೊತ್ತು. ‘ಹೋಗುವ. ಕತ್ತಲೆಯಾಗುವ ಮುಂಚೆ ಹೊಳೆ ನೋಡಿಕೊಂಡು ಬರುವನಾ?’ ಎನ್ನುತ್ತೇನೆ. ಕೈ ಹಿಡಿದು ಮೆಟ್ಟಿಲ ತನಕ ಹೋಗುತ್ತೇವೆ. ಗಂಗೆಯನ್ನು ನೋಡಿ ಅವರು ‘ತುಂಗೆಗೆ ಈ ಸಲ ನೀರು ಚೆನ್ನಾಗಿದೆ’ ಎನ್ನುತ್ತಾರೆ, ಮೀನಿಗೆ ಹಾಕಲು ಮಂಡಕ್ಕಿ ತಂದೆಯಾ ಎಂದು ಕೇಳುತ್ತಾರೆ. ಇಲ್ಲಿ ಅದಕ್ಕೆ ಲಾಯಿ ಎನ್ನುತ್ತಾರೆ, ಗಲ್ಲಿಯ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪೊಟ್ಟಣ ಚೀಲದಲ್ಲಿ ಇಟ್ಟುಕೊಂಡೇ ಹೋಗುವುದು. ಗಂಗಾಸ್ನಾನ ತುಂಗಾಪಾನ ಎಂದು ಹಿರಿಯರು ಎರಡೂ ಹೊಳೆಯನ್ನು ಒಂದೇ ಮಾತಿನಲ್ಲಿ ಸೇರಿಸಿದ್ದಾರೆ, ದೊಡ್ಡಮ್ಮನೂ ಸೇರಿಸಿದರೆ ನಾನೇಕೆ ಬೇರೆ ಮಾಡಲಿ? ಮಳೆಗಾಲದಲ್ಲಿ ನೀರು ಏರಿ ಮೆಟ್ಟಿಲು ಮುಳುಗಿದಾಗ ಈ ಉಪಾಯ ನಡೆಯುವುದಿಲ್ಲ. ಆಗ ಸಂಜೆಗೆ ಮುಂಚೆಯೇ ಎಲ್ಲ ದೀಪ ಹಾಕಿ, ಟಿವಿ ಆರಿಸಿ, ಅವರಿಗೆ ಚಿಕ್ಕಂದಿನಿಂದ ಬಾಯಿಪಾಠವಾಗಿರುವ ದೇವರನಾಮ ಶುರುಮಾಡುತ್ತೇನೆ. ನನ್ನ ಹೆಸರು ಮರೆತವರು ನನ್ನ ತಾಳ ತಪ್ಪಿದರೆ ತಿದ್ದುತ್ತಾರೆ!

ಭಾಷೆಯ ವಿಷಯ ನಿಮಗಿಂತ ನನ್ನನ್ನು ಹೆಚ್ಚು ಕಾಡಿದ್ದು. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ. ಕನ್ನಡ, ಹಿಂದಿ, ಭೋಜಪುರಿ ಮೂರನ್ನೂ ಆಡಿದ ದೊಡ್ಡಮ್ಮನಿಗೆ ಅದರ ಲಾಭ ಸಿಕ್ಕಿರಲೂಬಹುದು. ಆದರೆ ಕಾಯಿಲೆ ಬಂದ ಮೇಲೆ ಅನೇಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಜೀವಮಾನವಿಡೀ ಸೊಪ್ಪಿನವನ ಜೊತೆ ಹಿಂದಿಯಲ್ಲಿ ಚೌಕಾಸಿ ಮಾಡಿದವರು ಈಗ ಅವನಿಗೆ ಕನ್ನಡದಲ್ಲಿ ಬೈಯುತ್ತಾರೆ. ಬೆಂಗಳೂರಿನಲ್ಲೂ ಇದು ಇದೆ ತಾನೆ? ಮನೆಯಲ್ಲಿ ತುಳುವೋ ಕೊಂಕಣಿಯೋ ತೆಲುಗೋ ಆಡಿ ಬೆಳೆದ ಅಜ್ಜಿಗೆ ಬೇರೆ ಭಾಷೆಯ ಆಯಾ. ಅವರು ‘ಹಠ ಮಾಡುತ್ತಾರೆ’ ಎಂಬ ದೂರಿನಲ್ಲಿ ಎಷ್ಟೋ ಪಾಲು ಬರೀ ಅರ್ಥವಾಗದ್ದು.

ದೊಡ್ಡಮ್ಮನನ್ನು ಹಗಲು ನೋಡಿಕೊಳ್ಳುವ ಹೆಂಗಸು ಹೊಳೆಯಾಚೆಯ ರಾಮನಗರದವಳು. ಅವಳ ಹತ್ತಿರ ಒಂದು ಗೀಟು ಹಾಕಿದ ನೋಟ್‌ಬುಕ್ ಇದೆ. ಎಡಗಡೆ ಕನ್ನಡದ ಮಾತು ನಾಗರಿ ಲಿಪಿಯಲ್ಲಿ, ಬಲಗಡೆ ಅವಳ ಭಾಷೆಯಲ್ಲಿ ಅರ್ಥ. ನೀರು. ಊಟ. ಸಾಕು. ಚಳಿ. ನೋವು. ಎಲ್ಲಿ ನೋವು? ಹೆದರಬೇಡಿ. ಮೆತ್ತಗೆ. ಒಂದು ಪುಟದಲ್ಲಿ ‘ಹಂಡೆ ನೀರು ಕಾದಿದೆ’ ಎಂದು ಬರೆದುಕೊಂಡಿದ್ದಾಳೆ. ‘ನಹಾನಾ ಹೈ’ ಎಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವ ದೊಡ್ಡಮ್ಮ, ಹಂಡೆ ನೀರು ಕಾದಿದೆ ಎಂದರೆ ಟವಲು ತೆಗೆದುಕೊಂಡು ಬಚ್ಚಲಿಗೆ ನಡೆಯುತ್ತಾರೆ. ಮಲೆನಾಡಿನ ಮನೆಯಲ್ಲಿ ಆ ಮಾತು ಕೇಳಿ ಬೆಳೆದ ಕಿವಿ ಅದು. ಅವಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ‘ಹೌದಾ!’ ಎಂಬ ಒಂದು ಶಬ್ದ. ದೊಡ್ಡಮ್ಮ ಉದ್ದಕ್ಕೆ ಏನೋ ಹೇಳುತ್ತಾರೆ, ಅವಳು ಅವರ ಮುಖ ನೋಡುತ್ತಾ ಸರಿಯಾದ ಜಾಗದಲ್ಲಿ ‘ಹೌದಾ!’ ಎನ್ನುತ್ತಾಳೆ. ಇಬ್ಬರಿಗೂ ತೃಪ್ತಿ.

ಆಸ್ಪತ್ರೆಗೆ ಹೋದಾಗಲೂ ಭಾಷೆ ನೆನಪಿರಲಿ. ಗೊತ್ತಿಲ್ಲದ ಭಾಷೆಯಲ್ಲಿ ಪರೀಕ್ಷಿಸಿದರೆ ಅಂಕ ಕಡಿಮೆಯೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನೆನಪು, ಮಾತು, ಗಮನ ಅಳೆಯುವ ಪರೀಕ್ಷೆಗಳನ್ನು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡಕ್ಕೂ ಹೊಂದಿಸಿದ್ದಾರೆ. ನೀವು ಕರ್ನಾಟಕದಲ್ಲೇ ಇದ್ದೀರಿ, ಬೇಕಾದರೆ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾಡಿ ಎಂದು ಕೇಳಿ.

ಕೆಲವು ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಮಾತು. ‘ಎದ್ದು ಮುಖ ತೊಳೆದು ಸೀರೆ ಬದಲಾಯಿಸಿ ತಿಂಡಿಗೆ ಬನ್ನಿ’ ಎನ್ನುವಷ್ಟರಲ್ಲಿ ‘ಎದ್ದು’ ಎಂಬುದೇ ಕಳೆದುಹೋಗಿರುತ್ತದೆ. ಹೇಳಿದ ಮೇಲೆ ಸುಮ್ಮನೆ ಕಾಯಿರಿ. ಆ ಮೌನ ನಮಗೆ ಉದ್ದ ಅನ್ನಿಸುತ್ತದೆ, ಅವರು ಒಳಗೆ ಹುಡುಕುತ್ತಿರುತ್ತಾರೆ. ನಡುವೆ ಮತ್ತೆ ಕೇಳಿದರೆ ಅವರು ಮೊದಲಿನಿಂದ ಶುರುಮಾಡಬೇಕು. ‘ಏನು ಕುಡೀತೀರಿ’ ಎನ್ನುವ ಬದಲು ಎರಡು ಲೋಟ ಕಣ್ಣೆದುರು ಹಿಡಿದು ‘ಕಾಫಿಯಾ, ಹಾಲಾ?’ ಎನ್ನಿ. ಬೆನ್ನ ಹಿಂದಿನಿಂದ ಮುಟ್ಟಬೇಡಿ. ಮಗುವಿಗೆ ಮಾತಾಡಿದ ಹಾಗೆ ರಾಗ ಎಳೆದು ಮಾತಾಡುವುದೂ ಬೇಡ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರಗಳಲ್ಲಿ ವಿಡಿಯೊ ಮಾಡಿ ನೋಡಿದಾಗ, ದಾದಿಯರು ಹಾಗೆ ಮುದ್ದುಗರೆದು ಮಾತಾಡಿದಾಗಲೇ ಹಿರಿಯರು ಹೆಚ್ಚು ತಿರುಗಿಬೀಳುತ್ತಿದ್ದರು. ಎಲ್ಲಕ್ಕಿಂತ, ಅವರ ಎದುರಿಗೇ ‘ಇವರಿಗೆ ಏನೂ ಗೊತ್ತಾಗಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಗೊತ್ತಾಗುತ್ತದೆ.

ಕಿವಿ, ಕಣ್ಣು ತೋರಿಸಿದ್ದೀರಾ? ನೀವು ಅದನ್ನು ಬರೆದಿಲ್ಲ. ಗುಗ್ಗೆ ಕಟ್ಟಿದ ಕಿವಿ, ಪೊರೆ ಬಂದ ಕಣ್ಣು ಎರಡೂ ಮರೆವಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಇನ್ನೊಂದು ಇದಕ್ಕಿಂತ ಮುಖ್ಯ: ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ತೀರಾ ಗೊಂದಲವಾದರೆ, ಇಲ್ಲದ್ದು ಕಂಡರೆ, ಮಂಪರು ಹೆಚ್ಚಾದರೆ, ಕಾಯಿಲೆ ಜಾಸ್ತಿಯಾಯಿತು ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ಜ್ವರ, ಮಲಬದ್ಧತೆ, ನೀರು ಸಾಲದ್ದು, ಹೊಸ ಮಾತ್ರೆ ಇವೆಲ್ಲ ಹಾಗೆ ಮಾಡುತ್ತವೆ. ಅದೇ ದಿನ ವೈದ್ಯರಿಗೆ ತೋರಿಸಬೇಕು. ನೋವನ್ನು ಮಾತಿನಲ್ಲಿ ಹೇಳಲಾರದವರು ಮುಖ ಗಂಟಿಕ್ಕಿ ಹೇಳುತ್ತಾರೆ, ಮುಟ್ಟಿದರೆ ಕೈ ತಳ್ಳಿ ಹೇಳುತ್ತಾರೆ.

ಅತ್ತೆಯವರು ಒಂದು ದಿನ ಒಬ್ಬರೇ ರಸ್ತೆಗೆ ಹೋಗಿದ್ದರೆಂದು ಬರೆದದ್ದು ಓದಿ ಎದೆ ಧಸಕ್ಕೆಂದಿತು. ಮುಚ್ಚಿಡಬೇಡಿ ಗೆಳತಿ, ಬೀದಿಗೆ ಹೇಳಿಬಿಡಿ. ನಮ್ಮ ಗಲ್ಲಿಯಲ್ಲಿ ಹಾಲಿನವನಿಗೆ, ಪಾನ್ ಅಂಗಡಿಯವನಿಗೆ, ದೋಣಿಯವರಿಗೆ ಎಲ್ಲರಿಗೂ ಗೊತ್ತು. ಗಲ್ಲಿ ಬಿಟ್ಟರೆ ಮೆಟ್ಟಿಲು, ಮೆಟ್ಟಿಲು ಇಳಿದರೆ ಗಂಗೆ. ಇಲ್ಲಿ ಸಂಕೋಚಕ್ಕೆ ಜಾಗವಿಲ್ಲ. ದೊಡ್ಡಮ್ಮ ಒಬ್ಬರೇ ಕಂಡರೆ ಪಾನ್ ಅಂಗಡಿಯವನು ಓಡಿಹೋಗಿ ತಡೆಯುವುದಿಲ್ಲ. ‘ಅಮ್ಮಾಜಿ, ಬನ್ನಿ ಬನ್ನಿ’ ಎಂದು ತನಗೆ ಗೊತ್ತಿರುವ ಒಂದೇ ಕನ್ನಡ ಮಾತಾಡಿ ಸ್ಟೂಲು ಹಾಕುತ್ತಾನೆ, ಒಬ್ಬ ಹುಡುಗನನ್ನು ನಮ್ಮ ಮನೆಗೆ ಓಡಿಸುತ್ತಾನೆ. ಅದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಅತ್ತೆಯವರ ರವಿಕೆಗೋ ಸ್ವೆಟರಿಗೋ ಒಳಗಡೆ ಫೋನ್ ನಂಬರಿನ ಬಟ್ಟೆ ಹೊಲಿದುಬಿಡಿ.

ನಿಮ್ಮ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ‘ನಿದ್ದೆ ಇಲ್ಲ’ ಎಂದು. ನಿದ್ದೆಗೆಟ್ಟವರ ಬಾಯಲ್ಲಿ ಮೆತ್ತಗಿನ ಮಾತು ಎಷ್ಟು ದಿನ ಬಂದೀತು? ವಾರದಲ್ಲಿ ಒಂದು ಇಡೀ ರಾತ್ರಿ ನಾದಿನಿಗೆ ವಹಿಸಿ. ಕೇಳಲು ಹಿಂಜರಿಯಬೇಡಿ, ತಾಯಿ ಅವರದೂ ಹೌದು. ತೀರಾ ಭಾರವಾದ ದಿನ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿಗೆ ಹೋಗುವುದಾದರೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರನ್ನು ವಿಚಾರಿಸಿ, ಡಿಮೆನ್ಷಿಯಾ ಇರುವವರ ಆರೈಕೆಯಲ್ಲಿ ಪಳಗಿದವರು.

ಈಗ ನಿಮ್ಮಿಂದ ನನಗೆ ಕೆಲವು ವಿಷಯ ಬೇಕು. ಅತ್ತೆಯವರನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರು? ಅವರು ಯಾರಿಗೆ ಅಕ್ಕ, ಯಾರಿಗೆ ತಂಗಿ? ನಿಮ್ಮನ್ನು ‘ಅಕ್ಕ’ ಎನ್ನುವಾಗ ಅವರ ಮನಸ್ಸಿನಲ್ಲಿರುವ ಅಕ್ಕ ಬದುಕಿದ್ದಾರೆಯೇ, ಅವರಿಬ್ಬರೂ ಸೇರಿ ಏನು ಮಾಡುತ್ತಿದ್ದರು? ಯಾವ ತಿಂಡಿ, ಯಾವ ಹಾಡು, ಯಾವ ಕೆಲಸದಲ್ಲಿ ಅವರದು ಎತ್ತಿದ ಕೈ? ಯಾವುದಕ್ಕೆ ಹೆದರುತ್ತಿದ್ದರು? ಮನೆಯ ಹಿರಿಯರು ಯಾರಾದರೂ ಉಳಿದಿದ್ದರೆ ಈ ಭಾನುವಾರವೇ ಕೇಳಿ ಬರೆದುಕೊಳ್ಳಿ. ಒಂದು ಪ್ರತಿಯನ್ನು ಅತ್ತೆಯವರನ್ನು ನೋಡಿಕೊಳ್ಳುವವರಿಗೆಲ್ಲ ಓದಿ ಹೇಳಿ, ಇನ್ನೊಂದು ನನಗೆ ಕಳಿಸಿ. ಕಿವಿ ತೋರಿಸಿದ ಮೇಲೆ ಡಾಕ್ಟರ್ ಏನಂದರು ಎಂಬುದನ್ನೂ ಬರೆಯಿರಿ.

ಪ್ರೀತಿಯಿಂದ,
ಶಿವಾಲದ ನಿಮ್ಮ ಗೆಳತಿ